ಈಜು ಬಾರದವಳ ನೇತ್ರಾಣಿ

ಬಯಲುಸೀಮೆಯವರಿಗೆ ನೀರು ಅಂದ್ರೆ ಕಾಯೋದು. ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಬೀಳೋಕೆ 2022ರ ತನಕ ಕಾಯಿಸಿತು. ಆಗ ಹೊಸದುರ್ಗದ ಚಿಕ್ಕಮ್ಮ, ಹೊಳಲ್ಕೆರೆ ಅತ್ತೆ ಎಲ್ಲರನ್ನೂ ಕಟ್ಟಿಕೊಂಡು ಹೋಗಿ ನೋಡಿ ಬಂದ್ವಿ. ದೂರದಿಂದ.

ದೂರದಿಂದ ಯಾಕಂದ್ರೆ ನಮ್ಮನೇಲಿ ಯಾರಿಗೂ ಈಜು ಬರೋದಿಲ್ಲ. ದೊಡ್ಡಮಾವ ತೋಟದ ಬಾವೀಲಿ ಹೋದಮೇಲೆ ಅಜ್ಜಿ ಮಕ್ಕಳನ್ನ ಬಾವಿಕಟ್ಟೆ ಹತ್ರಕ್ಕೂ ಬಿಡಲಿಲ್ಲವಂತೆ. ಆ ಭಯ ಅಮ್ಮನಿಗೆ ಬಂತು, ಅಮ್ಮನಿಂದ ನನಗೆ. ಹೋದ ಡಿಸೆಂಬರ್‌ನಲ್ಲಿ ಆಫೀಸಿನ ಗೆಳತಿಯರು ನೇತ್ರಾಣಿಗೆ ಸ್ಕೂಬಾ ಡೈವಿಂಗ್ ಅಂದಾಗ ಅಮ್ಮ ಫೋನಲ್ಲಿ ಕೇಳಿದ್ದು ಇಷ್ಟೇ: "ಈಜು ಬರದೇ ಇದ್ದೋಳಿಗೆ ಸಮುದ್ರದ ಸಹವಾಸ ಯಾಕವ್ವ?"

ನ್ಯಾಯವಾದ ಪ್ರಶ್ನೆ. ಉತ್ತರ ಏನಂದ್ರೆ, ಮೊದಲ ಸಲದ ಡೈವ್‌ಗೆ ಈಜು ಬರಲೇಬೇಕು ಅಂತಿಲ್ಲ. ಒಬ್ಬ ಇನ್‌ಸ್ಟ್ರಕ್ಟರ್ ಕೊನೇತನಕ ನಿಮ್ಮನ್ನ ಹಿಡಿದೇ ಇರ್ತಾರೆ. ಇಳಿಸೋದೂ ಹೆಚ್ಚಂದ್ರೆ 12 ಮೀಟರ್ ಒಳಗೆ. ಆದ್ರೆ ಆಸ್ತಮಾ, ಕಿವಿ ಅಥವಾ ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರ್‌ನ ಕೇಳಲೇಬೇಕು. ಅವರು ಕೊಡೋ ಫಾರಂನಲ್ಲಿ ಸುಳ್ಳು ಟಿಕ್ ಹಾಕೋದು ಇನ್ಸ್ಟಾಗ್ರಾಂ ವಿಡಿಯೋಗೋಸ್ಕರ ಪ್ರಾಣ ಒತ್ತೆ ಇಟ್ಟಂಗೆ.

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪ. ಮಳೆಗಾಲದಲ್ಲಿ ಬೋಟ್ ಇರಲ್ಲ. ನನ್ನ ಕೇಳಿದ್ರೆ ಡೈವಿಂಗ್‌ಗಿಂತ ಆ ಬೋಟ್ ಪ್ರಯಾಣವೇ ಕಷ್ಟ. ಹೊಟ್ಟೆ ತುಂಬಾ ಬನ್ಸ್ ತಿಂದು ಬಂದವರ ಪಾಡು ಬೇಡವೇ ಬೇಡ. ಎರಡು ಇಡ್ಲಿ ಸಾಕು.

ನೀರೊಳಗೆ ಕಿವೀನೇ ಮೊದಲು ಹೆದರಿಸೋದು. ಹತ್ತು ಮೀಟರ್ ಇಳಿದ್ರೆ ಒತ್ತಡ ಮೇಲಿದ್ದದ್ದರ ಎರಡು ಪಟ್ಟು. ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿದ್ರೆ ಕಿವಿ ಟಪ್ ಅಂತ ಬಿಡುತ್ತೆ. ನೋವು ಬರೋಕೆ ಮುಂಚೆನೇ ಊದಬೇಕು. ನೆಗಡಿ ಇದ್ರೆ ಆವತ್ತು ಇಳೀಲೇಬೇಡಿ. ಇನ್ನೊಂದು, ಉಸಿರು ಕಟ್ಟಬಾರದು, ಯಾವತ್ತೂ. ಭಯವಾದಾಗ ನಾವು ಮಾಡೋದೇ ಅದು! ನಾನಂತೂ ಮೊದಲ ಎರಡು ನಿಮಿಷ ಉಸಿರು ಎಣಿಸ್ತಾ ದೊಡ್ಡಮಾವನ್ನೇ ನೆನೀತಿದ್ದೆ. ಆಮೇಲೆ ಹವಳದ ಬಂಡೆ ಕೊರೀತಿದ್ದ ಹಸಿರು ಪ್ಯಾರಟ್ ಫಿಶ್ ಒಂದು ಪಕ್ಕದಲ್ಲೇ ಹೋಯ್ತು. ಎಣಿಸೋದು ಮರೆತೇ ಹೋಯ್ತು.

ರಾತ್ರಿ ಅಮ್ಮನಿಗೆ ವಿಡಿಯೋ ಕಳಿಸಿದೆ. ಎರಡೂ ಟಿಕ್ ನೀಲಿಯಾಗಿ ಬಹಳ ಹೊತ್ತಾದ ಮೇಲೆ ಬಂದದ್ದು ಒಂದೇ ಸಾಲು: "ನೀರು ಅಷ್ಟು ತಿಳಿಯಾಗಿರುತ್ತಾ?"

ನಮ್ಮ ಕಡೆಯವರು ಗಮನಿಸಬೇಕಾದ್ದು ಇನ್ನೊಂದಿದೆ, ಘಾಟ್. ಒತ್ತಡದಲ್ಲಿ ಉಸಿರಾಡುವಾಗ ಸಾರಜನಕ ಮೈಯೊಳಗೆ ಕರಗುತ್ತೆ. ಬೇಗ ಎತ್ತರಕ್ಕೆ ಹೋದ್ರೆ ಅದು ಗೋಲಿ ಸೋಡಾದ ಗುಳ್ಳೆ ಹಾಗೆ ಹೊರಬರಬಹುದು. ಅದಕ್ಕೇ ಡೈವ್ ಮಾಡಿದವರು ತಕ್ಷಣ ವಿಮಾನ ಹತ್ತಬಾರದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಒಂದು ಡೈವ್ ಆದ್ರೆ 12 ಗಂಟೆ, ಹೆಚ್ಚಾದ್ರೆ 18 ಗಂಟೆ ಕಾಯಿರಿ ಅನ್ನುತ್ತೆ. ಆ ಲೆಕ್ಕ ಶುರುವಾಗೋದೇ ಸುಮಾರು 600 ಮೀಟರ್ ಎತ್ತರದಿಂದ. ಚಿತ್ರದುರ್ಗ ಇರೋದೇ ಸುಮಾರು 700 ಮೀಟರ್ ಮೇಲೆ! ಒಂದು ಚಿಕ್ಕ ಡೈವ್‌ನಲ್ಲಿ ಅಪಾಯ ಕಡಿಮೆ, ನಿಜ. ಆದ್ರೂ ಮಧ್ಯಾಹ್ನ ದಡಕ್ಕೆ ಬಂದು ಸಂಜೆಗೇ ಗೇರುಸೊಪ್ಪೆ ಘಾಟ್ ಹತ್ತೋ ಆತುರ ಬೇಡ ಕಣ್ರೀ. ಶನಿವಾರ ಡೈವ್ ಮಾಡಿ, ರಾತ್ರಿ ಮುರುಡೇಶ್ವರದಲ್ಲೇ ಮಲಗಿ, ಭಾನುವಾರ ಊಟ ಮುಗಿಸಿ ಹೊರಡಿ. ಸೋಮವಾರದ ರಜೆ ಮೊದಲೇ ಹಾಕಿಡಿ.