ಊರು ಇಟ್ಟ ಹೆಸರು

ಕುಪ್ಪೇಲೂರಿನ ಯಾವ ಚಹದಂಗಡಿಯ ಮುಂದೆ ಅರ್ಧ ತಾಸು ಕುಳಿತರೂ ಸಾಕು, ತಾಯಿ-ತಂದೆ ಇಟ್ಟ ಹೆಸರಿನ ಮೇಲೆ ಊರು ಇಟ್ಟ ಹೆಸರು ಮನುಷ್ಯನಿಗೆ ಬೇರೊಂದು ಇರುತ್ತದೆಂಬುದು ತಿಳಿಯುತ್ತದೆ. ಒಬ್ಬ ಪುಢಾರಿ, ಒಬ್ಬ ಚಮಚಾ, ಇನ್ನೊಬ್ಬ ಗಮಾರ, ಮತ್ತೊಬ್ಬ ಫೋರ್‌ಟ್ವೆಂಟಿ. ಇವು ನಗೆಚಾಟಿಕೆಯ ಮಾತುಗಳೆಂದು ಕೇಳಿ ಮರೆಯುತ್ತೇವೆ. ಆದರೆ ಯಾರು ಯಾರಿಗೆ ಯಾವ ಹೆಸರು ಇಟ್ಟರೆಂಬುದನ್ನು ವಿಚಾರಿಸಿದರೆ, ಹೊರೆ ಯಾರ ತಲೆಯ ಮೇಲಿದೆ, ಮರ್ಯಾದೆ ಯಾರ ಪಾಲಾಗಿದೆ ಎಂಬ ಲೆಕ್ಕವೇ ಹೊರಬೀಳುತ್ತದೆ.

ಮೊದಲು ಪೇಟೆಯ ಎರಡು ಶಬ್ದ ತೆಗೆದುಕೊಳ್ಳೋಣ. ಹಮಾಲ ಎಂಬುದು ಅರಬ್ಬಿ ಮೂಲದ ಮಾತು. ಹೊರೆ ಹೊರುವವನು ಎಂದಷ್ಟೇ ಅದರ ಅರ್ಥ. ಅದರಲ್ಲಿ ಸುಳ್ಳಿಲ್ಲ, ಅವಮಾನವೂ ಇಲ್ಲ. ಸಾವುಕಾರ ಎಂಬ ಮಾತಿನ ಬೇರಿನಲ್ಲಿರುವುದು ಸಂಸ್ಕೃತದ ‘ಸಾಧು’. ಚೀಲ ಹೊತ್ತವನ ಹೆಸರು ಬೈಗುಳವಾಯಿತು, ಬಡ್ಡಿ ಎಣಿಸಿದವನ ಹೆಸರು ಬಿರುದಾಯಿತು. ಅದೇ ಅಡತಿ ಅಂಗಡಿಯ ಕಟ್ಟೆಯಿಂದ ಒಬ್ಬರಿಗೆ “ಬರ್ರೀ ಸಾವ್ಕಾರ್ರ” ಎಂಬ ಕರೆ. ಇನ್ನೊಬ್ಬನಿಗೆ, ಅವನು ಅಪ್ಪನ ವಯಸ್ಸಿನವನಾದರೂ, “ಏ ಹಮಾಲ, ಬಾ ಇಲ್ಲಿ”. ಗಮಾರ ಶಬ್ದದ ಕಥೆ ಇನ್ನೂ ಕೆಟ್ಟದ್ದು. ಹಿಂದಿಯ ಗಂವಾರ ಎಂದರೆ ಗ್ರಾಮದವನು. ಹಳ್ಳಿಯಲ್ಲಿ ಹುಟ್ಟಿದ್ದೇ ದಡ್ಡತನವೆಂದು ತೀರ್ಪು ಕೊಟ್ಟವರು ಯಾರು? ಹಳ್ಳಿಯವನು ಬೆಳೆದ ಜೋಳ ತಿಂದು ಪಟ್ಟಣದಲ್ಲಿ ಕುಳಿತವರೇ ಅಲ್ಲವೆ?

ಗಿರಣಿಯೊಳಗೂ ಇದೇ ಕಥೆ. ಹುಬ್ಬಳ್ಳಿ, ದಾವಣಗೆರೆಗಳ ಹತ್ತಿ ಗಿರಣಿಗಳ ಕಾಲದಿಂದ ‘ಬದಲಿ’ ಎಂಬ ಮಾತು ನಮಗೆ ಗೊತ್ತು. ಖಾಯಂ ಕೆಲಸಗಾರ ಬಾರದ ದಿನ ಅವನ ಸಾಂಚೆಯ ಮುಂದೆ ನಿಲ್ಲುವವನು ಬದಲಿ. 1947ರ ಕೈಗಾರಿಕಾ ವಿವಾದ ಕಾಯ್ದೆಗೆ 1953ರಲ್ಲಿ ಸೇರಿಸಿದ ಅಧ್ಯಾಯದಲ್ಲಿ ಈ ಮಾತಿಗೆ ಅರ್ಥವನ್ನೂ ಬರೆದಿದ್ದರು. ಹಾಜರಿ ಪಟ್ಟಿಯಲ್ಲಿ ಹೆಸರಿರುವ ಇನ್ನೊಬ್ಬನ ಸ್ಥಳದಲ್ಲಿ ದುಡಿಯುವವನು ಬದಲಿ. ಆದರೆ ಒಂದು ವರ್ಷ ಸತತ ದುಡಿದ ಮೇಲೆ, ಕೆಲಸ ಕೊಡದ ದಿನಗಳ ಪರಿಹಾರದ ಮಟ್ಟಿಗೆ, ಅವನನ್ನು ಬದಲಿಯೆಂದು ಎಣಿಸಕೂಡದು. ಕಾಯ್ದೆಯೇ ವರ್ಷಕ್ಕೆ ಕಳಚಿದ ಹೆಸರನ್ನು ಜೊತೆಯ ಕೆಲಸಗಾರರು ಹತ್ತು ವರ್ಷ ಕಳಚಲಿಲ್ಲ. “ಅವನೇನು, ಬದಲಿ” ಎಂದರು. ಈಗ ಆ ಗಿರಣಿಗಳಲ್ಲಿ ಬಹಳಷ್ಟು ಮುಚ್ಚಿವೆ. ಹೆಸರು ಮಾತ್ರ ಗುತ್ತಿಗೆ, ಹೊರಗುತ್ತಿಗೆ ಎಂಬ ಹೊಸ ಅಂಗಿ ತೊಟ್ಟು ಬದುಕಿದೆ. ಸರಕಾರಿ ಶಾಲೆಯಲ್ಲಿ ಅದಕ್ಕೆ ‘ಅತಿಥಿ ಶಿಕ್ಷಕ’ ಎಂಬ ಇನ್ನೂ ಚಂದದ ಹೆಸರಿದೆ. ವರ್ಷಗಟ್ಟಲೆ ಪಾಠ ಹೇಳಿದವನು ಯಾರ ಮನೆಯ ಅತಿಥಿ? ಖಾಯಂ ಆದವನು ಬದಲಿಯನ್ನು ಕೀಳಾಗಿ ಕಂಡಷ್ಟು ದಿನ ಮಾಲೀಕನಿಗೆ ಸಂಘವನ್ನು ಒಡೆಯುವ ಶ್ರಮವೂ ಇಲ್ಲ.

ಹಾಗಾದರೆ ಊರು ಇಟ್ಟ ಹೆಸರುಗಳೆಲ್ಲ ಕೆಟ್ಟವೆ? ಅಲ್ಲ. ಬಡವರು ತಾವೇ ತಯಾರಿಸಿದ ಹೆಸರುಗಳೂ ಇವೆ, ಅವುಗಳ ಹರಿತವೇ ಬೇರೆ. ಮರಾಠಿಯಲ್ಲಿ ‘ಪುಢೆ’ ಎಂದರೆ ಮುಂದೆ. ಪುಢಾರಿ ಎಂದರೆ ಮುಂದಾಳು. 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಇಂಥ ಮರಾಠಿ ಮಾತುಗಳು ಬಹಳ. ಮೂಲದಲ್ಲಿ ಅದು ಗೌರವದ ಮಾತು. ಜನ ಅದನ್ನು ಬಳಸುತ್ತ ಬಳಸುತ್ತ ತಿರುಗಿಸಿಬಿಟ್ಟರು: ಹಾರ ಬೀಳುವಾಗ ಮುಂದೆ, ಲಾಠಿ ಬೀಳುವಾಗ ಹಿಂದೆ ಇರುವವನೇ ಪುಢಾರಿ. ಚಮಚಾ ಎಂದರೆ ಅಡಿಗೆ ಮಾಡದೆ, ಹಸಿವೂ ಇಲ್ಲದೆ, ಪಾತ್ರೆಗೂ ಎಲೆಗೂ ನಡುವೆ ಓಡಾಡುವವನು. ಈ ಹೆಸರುಗಳು ನಮ್ಮ ಪಕ್ಷದವರ ಮೇಲೂ ಬೀಳಬಹುದು. ತಕ್ಕವನ ಮೇಲೆ ಬೀಳಲಿ.

ಫೋರ್‌ಟ್ವೆಂಟಿಯಂತೂ ಕಾನೂನಿನ ಪುಸ್ತಕದಿಂದಲೇ ಬಂದದ್ದು. 1860ರ ಭಾರತೀಯ ದಂಡ ಸಂಹಿತೆಯ 420ನೆಯ ಕಲಮು ಮೋಸದ್ದು. 1955ರಲ್ಲಿ ರಾಜ್ ಕಪೂರರ ‘ಶ್ರೀ 420’ ಚಿತ್ರ ಆ ಅಂಕಿಯನ್ನು ಇನ್ನಷ್ಟು ಮನೆಮಾತು ಮಾಡಿತು. 2024ರ ಜುಲೈ 1ರಂದು ಹೊಸ ನ್ಯಾಯ ಸಂಹಿತೆ ಜಾರಿಗೆ ಬಂದು ಮೋಸದ ಕಲಮು 318 ಆಯಿತು. ಆದರೂ ತೂಕದಲ್ಲಿ ಹೊಡೆದವನನ್ನು ನಮ್ಮ ಸಂತೆಯಲ್ಲಿ ಯಾರೂ ತ್ರೀ-ಏಟೀನ್ ಎನ್ನುವುದಿಲ್ಲ. ಸರಕಾರ ಕಲಮು ಬದಲಿಸಬಹುದು, ಜನರ ತೀರ್ಪು ಬದಲಿಸಲಾರದು. 1967ರಲ್ಲಿ ಹರಿಯಾಣದ ಶಾಸಕ ಗಯಾಲಾಲರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದ್ದರಿಂದ ‘ಆಯಾರಾಮ್ ಗಯಾರಾಮ್’ ಎಂಬ ಮಾತು ಹುಟ್ಟಿತು. 1985ರಲ್ಲಿ ಪಕ್ಷಾಂತರ ತಡೆಯಲು ಸಂವಿಧಾನವನ್ನೇ ತಿದ್ದಿದರು. ಆದರೂ 2019ರಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು. ಅವರಲ್ಲಿ ನಮ್ಮ ಜಿಲ್ಲೆಯ ರಾಣೆಬೆನ್ನೂರು ಮತ್ತು ಹಿರೇಕೆರೂರು ಕ್ಷೇತ್ರದವರೂ ಇದ್ದರು. ಹೆಸರು ಹಳೆಯದೆಂದು ಎಸೆಯುವ ಹಾಗಿಲ್ಲ, ಕೆಲಸ ಇನ್ನೂ ಮುಗಿದಿಲ್ಲ.

ಬ್ಯಾಡಗಿಯ ಸಂಗತಿಯನ್ನೂ ನೋಡಿ. ಬ್ಯಾಡಗಿ ಮೆಣಸಿನಕಾಯಿಯ ಹೆಸರನ್ನು ಬೇರೆಯವರು ಕದಿಯದಂತೆ 2011ರಲ್ಲಿ ಭೌಗೋಳಿಕ ಗುರುತಿನ ಕಾನೂನು ಕಾವಲು ನಿಂತಿತು. ಕಾಯಿ ಬೆಳೆದವನ ಹೆಸರಿಗೆ ಅಂಥ ಕಾವಲಿಲ್ಲ. 2024ರ ಮಾರ್ಚ್ 11ರಂದು ದರ ಕುಸಿದದ್ದನ್ನು ಕಂಡು ರೈತರು ಸಿಡಿದೆದ್ದರು. ಮಾರುಕಟ್ಟೆ ಸಮಿತಿಯ ಕಚೇರಿಗೆ ಕಲ್ಲು ಬಿದ್ದವು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಭಾಷಣದ ದಿನ ಅನ್ನದಾತನಾದವನು ದರ ಕೇಳಿದ ದಿನ ಕಿಡಿಗೇಡಿಯಾಗುವುದಾದರೆ, ಎರಡೂ ಹೆಸರು ಅವನವಲ್ಲ. ಅವನು ರೈತ, ಅವನಿಗೆ ಬೇಕಾದದ್ದು ನ್ಯಾಯವಾದ ಬೆಲೆ. ಕಿಡಿಗೇಡಿ ಎಂಬ ಒಂದೇ ಮಾತಿನಿಂದ ಬೆಲೆಯ ಪ್ರಶ್ನೆ ಮುಚ್ಚಿಹೋಗುತ್ತದೆ.

ಕಸುಬಿನ ಹೆಸರು ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲೇ ತೋರಿಸಿಕೊಟ್ಟವರಿದ್ದಾರೆ. ಚೌಡದಾನಪುರ ನಮ್ಮದೇ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿದೆ. ಅದರೊಂದಿಗೆ ಅಂಬಿಗರ ಚೌಡಯ್ಯನ ಹೆಸರು ಬೆರೆತುಹೋಗಿದೆ. ದೋಣಿ ನಡೆಸುವ ಕಸುಬನ್ನು ಅವನು ಹೆಸರಿನಿಂದ ಅಳಿಸಲಿಲ್ಲ, ಮುಂದಿಟ್ಟ. ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ, ಡೋಹರ ಕಕ್ಕಯ್ಯ ಎಲ್ಲರೂ ಹಾಗೆಯೇ. ದೋಷ ಹೆಸರಿನಲ್ಲಿಲ್ಲ, ಅದನ್ನು ಉಚ್ಚರಿಸುವವನ ಸೊಕ್ಕಿನಲ್ಲಿದೆ.

ಆದುದರಿಂದ ನಮ್ಮ ಓದುಗರಲ್ಲಿ ಒಂದು ವಿನಂತಿ. ಯಾವ ಹೆಸರು ಬಾಯಿಗೆ ಬಂದರೂ ಕ್ಷಣ ತಡೆದು ಕೇಳಿಕೊಳ್ಳಿ: ಇದು ಅವನು ಮಾಡಿದ ಕೆಲಸಕ್ಕೆ ಬಿದ್ದ ಹೆಸರೋ, ಅವನ ಹುಟ್ಟಿಗೆ, ಬಡತನಕ್ಕೆ ಬಿದ್ದದ್ದೋ? ಮೊದಲನೆಯದನ್ನು ಧೈರ್ಯವಾಗಿ ಆಡಿರಿ, ಅದೂ ಅಧಿಕಾರವಿರುವವರ ಎದುರಿಗೇ ಆಡಿರಿ. ಎರಡನೆಯದನ್ನು ನಾಲಿಗೆಯಿಂದ ಉಗುಳಿಬಿಡಿ. ಗಿರಣಿಯ ಬಂಧುಗಳೇ, ಕಿರಾಣಿ ಅಂಗಡಿಯವನನ್ನು ಸುಮ್ಮಸುಮ್ಮನೆ ಕಳ್ಳ ಎನ್ನಬೇಡಿ. ಪಗಾರ ನಿಂತ ತಿಂಗಳು ಉದ್ರಿ ಬರೆದುಕೊಂಡವನು ಅವನೇ. ಅಂಗಡಿಯ ಬಂಧುಗಳೇ, ನಿಮ್ಮ ಚೀಲ ಇಳಿಸುವವರನ್ನು ನಾಳೆಯಿಂದ ಹೆಸರು ಹಿಡಿದು, ಬಹುವಚನದಲ್ಲಿ ಕರೆಯಿರಿ. ಇದಕ್ಕೆ ಕಾಸು ಖರ್ಚಿಲ್ಲ. ಕೂಲಿಯ ದರದ ಮಾತಾಡಲು ಇಬ್ಬರೂ ಒಂದೇ ಚಾಪೆಯ ಮೇಲೆ ಕೂಡ್ರುವುದು ಅಲ್ಲಿಂದ ಮುಂದೆ ಸುಲಭವಾಗುತ್ತದೆ.