ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ? ಇಂದೇ ನೋಡಿಕೊಳ್ಳಿ!

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಮತದಾರ ಬಾಂಧವರೇ,

ನಮ್ಮದೇ ಜಿಲ್ಲೆಯ ಆಳಂದದ ಸುದ್ದಿ ನೀವು ಕೇಳಿದ್ದೀರಿ. 2023ರ ವಿಧಾನಸಭಾ ಚುನಾವಣೆಗೆ ಮುನ್ನ, ಮತದಾರರ ಹೆಸರು ತೆಗೆದುಹಾಕಿ ಎಂದು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಿದ್ದವು. ವಿಚಾರಿಸಿದಾಗ ಸರಿಯಿದ್ದವು ಬರೀ 24! ಉಳಿದ 5,994 ಅರ್ಜಿ ತಿರಸ್ಕೃತವಾದವು. ಫೆಬ್ರವರಿ 21ರಂದು ಆಳಂದ ಠಾಣೆಯಲ್ಲಿ ಕೇಸು ದಾಖಲಾಯಿತು.

ಗುಟ್ಟು ರಟ್ಟಾದದ್ದು ಹೇಗೆ? ಬೂತ್ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಬಂಧುವಿನ ಹೆಸರು ತೆಗೆಯಲು ಬಂದ ಅರ್ಜಿ ಕಂಡರು. ಅರ್ಜಿದಾರರೆಂದು ನಮೂದಾಗಿದ್ದ ನೆರೆಯವರನ್ನೇ ಹೋಗಿ ಕೇಳಿದರು. ಅವರಿಗೆ ಅದರ ಗಂಧಗಾಳಿಯೂ ಇರಲಿಲ್ಲ! ಮತದಾರರ ಜಾಗೃತಿ ಎಂದರೆ ಹೀಗೆ ಹೋಗಿ ಕೇಳುವುದು.

ನಮ್ಮ ಪಾಡು ನೋಡಿ. ತೊಗರಿ ರಾಶಿ ಮುಗಿದರೆ ಹಳ್ಳಿ, ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತೇವೆ. ಬಾಗಿಲಿಗೆ ಬೀಗ ಕಂಡರೆ ‘ಊರು ಬಿಟ್ಟಿದ್ದಾರೆ’ ಎಂದು ಬರೆಯುವುದು ಸುಲಭ. ಆದರೆ ಹಾಗೆಂದು ಹೆಸರು ತೆಗೆಯುವ ಮುನ್ನ ನಮ್ಮ ಅಹವಾಲು ಕೇಳಲೇಬೇಕು; ಇದು ಕಾನೂನು.

ನೀವು ಮಾಡಬೇಕಾದದ್ದು:

● ಬೂತ್ ಅಧಿಕಾರಿಯ ಬಳಿ ಪಟ್ಟಿ ನೋಡಿ, ಇಲ್ಲವೇ 1950ಕ್ಕೆ ಫೋನ್ ಮಾಡಿ. ಗುರುತಿನ ಚೀಟಿ ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು.

● 18 ತುಂಬಿದ ಮಕ್ಕಳಿಗೆ ನಮೂನೆ 6, ತಿದ್ದುಪಡಿಗೆ ನಮೂನೆ 8 ತುಂಬಿ. 18 ತುಂಬಿದೆಯೇ ಎಂದು ಲೆಕ್ಕ ಹಾಕುವ ಅರ್ಹತಾ ದಿನಗಳು ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1.

● ಸಿಮೆಂಟ್ ಕಾರ್ಖಾನೆ, ಕಲ್ಲುಗಣಿ ಕಾರ್ಮಿಕರೇ, ವಿಧಾನಸಭೆ, ಲೋಕಸಭೆ ಮತದಾನದ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಇದೆ. ಜನಪ್ರತಿನಿಧಿ ಕಾಯ್ದೆಯ 135ಬಿ ಕಲಂ ತೋರಿಸಿ ಕೇಳಿ.

● ಮತಕ್ಕಾಗಿ ನೋಟು, ಸೀರೆ, ಬಾಟಲಿ ಕೊಡುವುದೂ ಅಪರಾಧ, ಇಸಿದುಕೊಳ್ಳುವುದೂ ಅಪರಾಧ. ಅಭ್ಯರ್ಥಿಯ ಪ್ರಮಾಣಪತ್ರದಲ್ಲಿ ಅವರ ಕೇಸು, ಆಸ್ತಿ, ಸಾಲ ಎಲ್ಲ ಇರುತ್ತದೆ. ಓದಿ, ಓದಲು ಬಾರದವರಿಗೆ ಓದಿ ಹೇಳಿ.

ನಮ್ಮ ಹಕ್ಕೊತ್ತಾಯಗಳು:

1. ಯಾರ ಹೆಸರು ತೆಗೆಯಲು ಅರ್ಜಿ ಬಂದಿದೆ ಎಂಬುದನ್ನು ಊರೂರಲ್ಲಿ, ವಾರ್ಡು ವಾರ್ಡಲ್ಲಿ ಡಂಗುರ ಸಾರಿ ಓದಬೇಕು.

2. ಆನ್‌ಲೈನ್ ಅರ್ಜಿ ಹಾಕಿದವರನ್ನು ಮುಖತಃ ವಿಚಾರಿಸದೆ ಒಂದು ಹೆಸರನ್ನೂ ಅಳಿಸಬಾರದು.

3. ಗುಳೆ ಹೋದವರು ಊರಿಗೆ ಬರುವ ಯುಗಾದಿ, ದೀಪಾವಳಿಗೆ ಹಳ್ಳಿಗಳಲ್ಲೇ ನೋಂದಣಿ ಶಿಬಿರ ನಡೆಸಬೇಕು.

ಯಾವ ಪಕ್ಷದವರೇ ಆಗಿರಿ, ಓಣಿಗೊಬ್ಬರು ಪಟ್ಟಿ ಹಿಡಿದು ಮನೆ ಮನೆಗೆ ಹೋಗಿ. ಒಬ್ಬರ ಹೆಸರು ಬಿಟ್ಟುಹೋಗಿದ್ದರೂ ಇಡೀ ಓಣಿ ತಹಶೀಲ್ದಾರ್ ಕಚೇರಿಗೆ ನಡೆಯಲಿ!

ನಮ್ಮ ಹೆಸರು, ನಮ್ಮ ಹಕ್ಕು! ಕೇಳದೆ ಅಳಿಸಿದರೆ ಸುಮ್ಮನಿರೆವು!

(ಓದಿದ ಮೇಲೆ ಪಕ್ಕದ ಮನೆಯವರಿಗೆ ಕೊಡಿ)