ಹಾಸು ಹೊಕ್ಕಿನ ಮಾತು

ಬೆಂಗಳೂರಿನ ಒಂದು ವಿನ್ಯಾಸ ಕಾಲೇಜಿನಲ್ಲಿ ಕೊನೆಯ ವರ್ಷದ ಮಕ್ಕಳ ಕೆಲಸಕ್ಕೆ ಅಂಕ ಕೊಡುವ ಜ್ಯೂರಿ ನೋಡಲು ಹೋಗಿದ್ದೆ. ಹುನಗುಂದದ ಕಡೆಯ ನೇಕಾರರ ಮನೆಯ ಹುಡುಗಿಯೊಬ್ಬಳು ಇಳಕಲ್ ಸೀರೆಯನ್ನೇ ವಿಷಯ ಮಾಡಿಕೊಂಡಿದ್ದಳು. ಗೋಡೆಯ ತುಂಬ ಚೆಂದದ ಹಾಳೆಗಳು. ಆದರೆ ವಾರ್ಪ್, ವೆಫ್ಟ್ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದವಳು ಮೂರನೆಯ ಮಾತಿಗೇ ತಡವರಿಸಿದಳು. ಆಮೇಲೆ ವರಾಂಡದಲ್ಲಿ ಸಿಕ್ಕಾಗ, "ಸೆರಗನ್ನ ಒಡಲಿಗೆ ಹೆಂಗ ಸೇರಸ್ತೀರವ್ವ?" ಎಂದು ಕೇಳಿದೆ. ಕಾಲು ಗಂಟೆ ಬಿಡುವಿಲ್ಲದೆ ಹೇಳಿದಳು. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆ ತೂರಿಸಿ ಕೊಂಡಿ ಹಾಕಬೇಕು, ಹೀಗೆ ಇಡೀ ಅಗಲಕ್ಕೂ. ಹೇಳುತ್ತಿದ್ದಂತೆ ಅವಳ ಬೆರಳುಗಳು ಗಾಳಿಯಲ್ಲೇ ಕೊಂಡಿ ಹಾಕುತ್ತಿದ್ದವು. ಅಂಕ ಕೊಡುವವರ ಕಿವಿಗೆ ಆ ಕಾಲು ಗಂಟೆ ಬೀಳಲೇ ಇಲ್ಲ.

ಕಣ್ಣಿಗೂ ಕೈಗೂ ಭಾಷೆ ಏಕೆ ಬೇಕು, ಗೆರೆ ಎಲ್ಲ ಕಡೆಯೂ ಗೆರೆಯೇ ಅಲ್ಲವೇ ಎಂದು ಕಲಾ ಕಾಲೇಜಿನವರು ಕೇಳುವುದುಂಟು. ನನಗೆ ಇದು ಒಪ್ಪಿಗೆಯಿಲ್ಲ. ಕೈಕೆಲಸದ ಹೆಸರುಗಳು ಬರೀ ಹೆಸರುಗಳಲ್ಲ, ಕೆಲಸ ಮಾಡುವ ಕ್ರಮವೇ ಅವುಗಳಲ್ಲಿ ಅಡಗಿರುತ್ತದೆ. ದಿನಕ್ಕೆ ಹತ್ತು ಸಲ 'ಹಾಸುಹೊಕ್ಕು' ಎನ್ನುವ ನಾವು ಅದು ಮಗ್ಗದಿಂದ ಎದ್ದು ಬಂದ ಮಾತೆಂಬುದನ್ನು ಮರೆತಿದ್ದೇವೆ. ಮೊದಲೇ ಹಾಸಿಟ್ಟದ್ದು ಹಾಸು, ಆಮೇಲೆ ಒಳಹೊಕ್ಕದ್ದು ಹೊಕ್ಕು. ಮಗ್ಗ ನೋಡದವನಿಗೂ ಆ ಎರಡು ಪದ ಅರ್ಧ ಪಾಠ ಹೇಳಿಬಿಡುತ್ತವೆ.

ಧಾರವಾಡ ಸೀಮೆಯ ಕಸೂತಿಯಲ್ಲಿ ನಾಲ್ಕು ಹೊಲಿಗೆಗಳಿವೆ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಕೊಂಡೇ ಗೋಪುರ, ತುಳಸಿಕಟ್ಟೆ, ಆನೆ, ತೊಟ್ಟಿಲು ಎಲ್ಲ ಮೂಡಬೇಕು. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗುತ್ತದೆ, ತಿರುಗಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುತ್ತದೆ. ಗಂಟು ಹಾಕುವುದಿಲ್ಲ. ಮುಂದೆ ಕಂಡ ಗೆರೆಯೇ ಹಿಂದೆಯೂ ಇರುತ್ತದೆ. ಹೋದ ಸೂಜಿ ಯಾವ ದಾರಿಯಲ್ಲಿ ಮರಳಬೇಕು ಎಂಬುದನ್ನು ಮೊದಲ ಹೊಲಿಗೆಗೆ ಮುನ್ನವೇ ಮನಸ್ಸಿನಲ್ಲಿ ಬಿಡಿಸಿಕೊಂಡಿರಬೇಕು. ವಿನ್ಯಾಸ ಎಂದರೆ ಇದಕ್ಕಿಂತ ಬೇರೇನು? ಇದೇ ಹೊಲಿಗೆಯನ್ನು ಯೂರೋಪಿನಲ್ಲಿ ಹಾಲ್ಬೈನ್ ಹೊಲಿಗೆ ಎನ್ನುತ್ತಾರೆ, 16ನೇ ಶತಮಾನದ ಚಿತ್ರಕಾರ ಹಾಲ್ಬೈನ್ ಬರೆದ ಭಾವಚಿತ್ರಗಳ ಅಂಗಿಯ ತೋಳು-ಕೊರಳಪಟ್ಟಿಗಳಲ್ಲಿ ಅದು ಕಾಣಿಸುತ್ತದೆ. ನಮ್ಮ ಮಕ್ಕಳು ಅದನ್ನೂ ಕಲಿಯಲಿ. ಆದರೆ ಆ ಹೆಸರು ಬಾಯಿಗೆ ಬಂದು, ಅಜ್ಜಿಯ ಗವಂತಿ ಮಾತ್ರ ಬಾಯಿಗೇ ಬರದಿದ್ದರೆ ಅದು ಕಲಿಕೆಯ ಊನ.

ಇದನ್ನು ನಾನು ಬರೀ ಭಾಷಾಭಿಮಾನದಿಂದ ಹೇಳುತ್ತಿಲ್ಲ. ನಿಫ್ಟ್‌ನಂಥ ಫ್ಯಾಷನ್ ವಿನ್ಯಾಸ ಸಂಸ್ಥೆಗಳು ಕುಶಲಕರ್ಮಿಗಳ ಊರಿಗೆ ವಿದ್ಯಾರ್ಥಿಗಳನ್ನು ಕ್ಲಸ್ಟರ್ ಅಧ್ಯಯನಕ್ಕೆ ಕಳಿಸುತ್ತವೆ. ಒಳ್ಳೆಯ ಏರ್ಪಾಡೇ. ಆದರೆ ಮಾತು ಬರದವನು ಕ್ಯಾಮೆರಾ ತೆಗೆಯುತ್ತಾನೆ, ಫೋಟೊ ತುಂಬಿಕೊಂಡು ಮರಳುತ್ತಾನೆ. ಮುಂದೆ ಅವನು ಡಿಸೈನರ್, ನೇಕಾರ ಅವನ ಹಾಳೆಯಂತೆ ನೇಯುವ ಕೂಲಿ. ಯೋಚನೆ ಒಂದು ಭಾಷೆಯಲ್ಲಿ, ದುಡಿಮೆ ಇನ್ನೊಂದರಲ್ಲಿ. ನೂರಾರು ವರ್ಷ ಯೋಚನೆಯೂ ದುಡಿಮೆಯೂ ಒಂದೇ ಮನೆಯಲ್ಲಿದ್ದ ಕಸುಬನ್ನು ಹೀಗೆ ಸೀಳಿ ಹಾಕುವ ಕೆಲಸಕ್ಕೆ ಪದವಿ ಕೊಡುತ್ತಿದ್ದೇವೆ ಎಂಬುದು ನನ್ನ ಸಂಕಟ.

ಸಿನಿಮಾದ ಮಾತೂ ಇದೇ. ಮೈಸೂರಿನ ವಿ.ಕೆ. ಮೂರ್ತಿ ಛಾಯಾಗ್ರಹಣ ಕಲಿತದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಅವರು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೊ ಒಳಕ್ಕೆ ತಿರುಗಿಸಿ ಇಳಿಬಿಟ್ಟ ಬೆಳಕಿನ ಕೋಲನ್ನು ಇಂದಿಗೂ ತರಗತಿಗಳಲ್ಲಿ ತೋರಿಸುತ್ತಾರೆ. ಕನ್ನಡಿಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸಬೇಕಾದರೆ, ಅದನ್ನು ಹಿಡಿದವನ ಜೊತೆ ಅವನಿಗೆ ತಿಳಿಯುವ ಮಾತಿನಲ್ಲೇ ಮಾತಾಡಬೇಕು. ಸಿನಿಮಾದ ಸೂಕ್ಷ್ಮಗಳು ಕನ್ನಡಕ್ಕೆ ಒಗ್ಗುವುದಿಲ್ಲ ಎನ್ನುವವರು ಹೆಗ್ಗೋಡನ್ನು ನೆನೆಯಲಿ. 1973ರಲ್ಲಿ ಆ ಹಳ್ಳಿಯಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದ ಕೆ.ವಿ. ಸುಬ್ಬಣ್ಣ ಜಗತ್ತಿನ ದೊಡ್ಡ ದೊಡ್ಡ ಚಿತ್ರಗಳನ್ನು ಅಡಿಕೆ ತೋಟದ ಜನರಿಗೆ ತೋರಿಸಿ, ಕನ್ನಡದಲ್ಲೇ ಚರ್ಚೆಗೆ ಕೂರಿಸಿದರು.

ತರಗತಿಯಲ್ಲಿ ಹತ್ತು ರಾಜ್ಯಗಳ ಮಕ್ಕಳಿರುತ್ತಾರೆ, ಕೆಲಸ ಸಿಗುವುದು ಮುಂಬಯಿಯಲ್ಲೋ ಮಿಲಾನಿನಲ್ಲೋ, ಇಂಗ್ಲಿಷ್ ಬಿಟ್ಟರೆ ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಬಿಡಿ ಎಂದು ನಾನು ಹೇಳುವುದಿಲ್ಲ. ಕೇರಳದಿಂದಲೋ ಅಸ್ಸಾಮಿನಿಂದಲೋ ಬಂದ ಹುಡುಗನಿಗೂ ಇಲ್ಲಿನ ಬಣ್ಣ, ನೂಲು, ಮರಗಳನ್ನು ಪರಿಚಯಿಸುವಾಗ ಅವುಗಳ ಮಾತನ್ನೂ ಕಲಿಸಿ ಎನ್ನುತ್ತೇನೆ. ಸಾಫ್ಟ್‌ವೇರ್ ಕಲಿಸಲು ಸೆಮಿಸ್ಟರ್ ಕೊಡುವವರು ಮಗ್ಗದ ಮುಂದೆ ಕೂತು ಮಾತಾಡುವಷ್ಟು ಕನ್ನಡಕ್ಕೆ ಒಂದಿಷ್ಟು ತಾಸು ಕೊಡಲಾರರೇ? ಇನ್ನು ಪ್ರವೇಶ ಪರೀಕ್ಷೆ. ನಿಫ್ಟ್‌ನ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿದೆ, ಕನ್ನಡದಲ್ಲಿಲ್ಲ. ಇಳಕಲ್ಲಿನ, ಗುಳೇದಗುಡ್ಡದ, ಚನ್ನಪಟ್ಟಣದ ಮನೆಗಳಲ್ಲಿ ಹುಟ್ಟಿದಾಗಿನಿಂದ ಬಣ್ಣದ ನಡುವೆಯೇ ಬೆಳೆದ ಮಕ್ಕಳಲ್ಲಿ ಎಷ್ಟೋ ಮಂದಿ ಆ ಬಾಗಿಲಲ್ಲೇ ನಿಂತುಬಿಡುತ್ತಾರೆ.

ಜ್ಯೂರಿಯ ಮೇಜಿನ ಹಿಂದೆ ಇನ್ನೊಂದು ಕುರ್ಚಿ ಇರಲಿ. ಸೀರೆಯ ಕೆಲಸಕ್ಕೆ ನೇಕಾರರೊಬ್ಬರು, ಗೊಂಬೆಯ ಕೆಲಸಕ್ಕೆ ಅರಗು ಬಲ್ಲವರೊಬ್ಬರು ಅಲ್ಲಿ ಕೂರಲಿ, ತಮ್ಮ ಮಾತಿನಲ್ಲೇ ಪ್ರಶ್ನೆ ಕೇಳಲಿ, ಅಂಕವನ್ನೂ ಕೊಡಲಿ. ಕಸೂತಿ ಬಲ್ಲ ಹೆಂಗಸಿನ ಕೈಗೆ ಬಟ್ಟೆ ಕೊಟ್ಟು ನೋಡಿ. ಗೋಡೆಯ ಮೇಲಿನ ಹಾಳೆಗಳತ್ತ ಅವಳು ಆಮೇಲೆ ತಿರುಗುತ್ತಾಳೆ. ಮೊದಲು ಬಟ್ಟೆಯನ್ನು ಮಗುಚಿ ಹಿಂಬದಿ ನೋಡುತ್ತಾಳೆ.